ಒಂದು ಸಲದ್ದೋ, ವರ್ಷದ್ದೋ?

ಹುಳ ಹೊಡೆಯುವ ಕೆಲಸದಲ್ಲಿ ಹುಳ ಸಾಯುವುದು ಗ್ಯಾರಂಟಿಯಿಲ್ಲ, ಯಾರದಾದರೂ ಮರ್ಯಾದೆ ಹೋಗುವುದು ಗ್ಯಾರಂಟಿ. ಹೆಚ್ಚಿನ ಸಲ ಹೋದದ್ದು ನನ್ನದೇ.

ನನ್ನ ಮನೆ ಕೊಟ್ಟೂರಿನಲ್ಲಿ. ಬೈಕಿಗೆ ಔಷಧಿ ಹೊಡೆಯುವ ಪಂಪು ಕಟ್ಟಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ತಿರುಗುತ್ತೇನೆ. ಜಿರಳೆ, ತಿಗಣೆ, ಇರುವೆ, ಯಾವುದಕ್ಕಾದರೂ ಸೈ. ಒಂದೇ ಸಲ ಬಂದು ಹೊಡೆದು ಹೋಗುವುದು ಒಂದು ಬಗೆ, ವರ್ಷಪೂರ್ತಿ ತಿಂಗಳಿಗೊಮ್ಮೆ ಬರುವ ಕಾಂಟ್ರಾಕ್ಟ್ ಇನ್ನೊಂದು ಬಗೆ. ಒಂದು ಸಲದವರು ಕೆಲಸ ಮುಗಿದ ಮೇಲೆ ನನ್ನ ನಂಬರನ್ನೂ ಅಳಿಸಿಬಿಡುತ್ತಾರೆ. ವರ್ಷದವರು ಸಿಕ್ಕರೆ ಮಾತ್ರ ಈ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ನಾನು ಮತ್ತೆ ಮಾವನವರ ಗಿರಣಿಗೆ ಹೋಗಿ ಹಿಟ್ಟು ಬೀಸಬೇಕು. ಆ ಭಯಕ್ಕೆ ಆಡಬಾರದ ಮಾತೆಲ್ಲ ಆಡಿದ್ದೇನೆ. ನೆನೆಸಿಕೊಂಡರೆ ಈಗಲೂ ತಲೆ ತಗ್ಗುತ್ತದೆ.

ದೊಡ್ಡಮ್ಮನ ಮಗ

ಕೂಡ್ಲಿಗಿಯ ಒಬ್ಬ ಗೃಹಿಣಿ ಫೋನ್ ಮಾಡಿದ್ದರು. ಮನೆಯಲ್ಲಿ ತಿಗಣೆ ಆಗಿದ್ದು ಓಣಿಗೆ ಗೊತ್ತಾಗಬಾರದು, ಬೈಕು ದೂರ ನಿಲ್ಲಿಸಿ ಪಂಪನ್ನು ಚೀಲದಲ್ಲಿ ಹಾಕಿಕೊಂಡು ಬರಬೇಕು ಅಂತ ಅಪ್ಪಣೆ. ಹಾಗೇ ಹೋದೆ. ಔಷಧಿ ಕಲಸಬೇಕು ಅನ್ನುವಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ಕೂತಳು. ಈಯಮ್ಮ ಗಾಬರಿಯಾಗಿ, ಇವರು ಹೊಸಹಳ್ಳಿಯ ನಮ್ಮ ದೊಡ್ಡಮ್ಮನ ಮಗ ಅಂದುಬಿಟ್ಟರು.

ಒಂದು ತಾಸು ನಾನು ದೊಡ್ಡಮ್ಮನ ಮಗನಾಗಿ ಒಗ್ಗರಣೆ ಮಂಡಕ್ಕಿ ತಿಂದೆ. ಪಕ್ಕದ ಮನೆಯಾಕೆ ಹೊಸಹಳ್ಳಿ ಕಡೆಯ ಶೇಂಗಾ ಹೇಗಿದೆ ಅಂದಳು, ಹೇಳಿದೆ. ದೊಡ್ಡಮ್ಮನ ಆರೋಗ್ಯ ಕೇಳಿದಳು, ಮಂಡಿನೋವು ಅಂದೆ. ಯಾವ ಕಾಲು ಅಂದಾಗ ನಾನು ಎಡ ಅಂದೆ, ಈಯಮ್ಮ ಬಲ ಅಂದರು.

ಆಕೆ ಎದ್ದು ಹೋದ ಮೇಲೆ ಗಡಿಬಿಡಿಯಲ್ಲಿ ಹೊಡೆದೆ. ವರ್ಷದ ಕಾಂಟ್ರಾಕ್ಟ್ ಮಾಡಿಸಿರಿ ಅಂದರೆ ಈಯಮ್ಮ ಕೈ ಮುಗಿದು, "ತಿಂಗಳಾ ತಿಂಗಳಾ ದೊಡ್ಡಮ್ಮನ ಮಗ ಬಂದ್ರ ಮಂದಿ ಏನಂತಾರ್ರಿ? ಒಂದ ಸಲ ಸಾಕು" ಅಂದರು.

ಚೀಲ ಹೊತ್ತು ಓಣಿಯ ತಿರುವಿಗೆ ಬಂದೆ. ಪಕ್ಕದ ಮನೆಯಾಕೆ ಅಲ್ಲೇ ಕಾಯುತ್ತಿದ್ದಳು. ಅತ್ತಿತ್ತ ನೋಡಿ ಪಿಸುಗುಟ್ಟಿದಳು: "ನಮ್ಮ ಮನಿಯಾಗೂ ತಗಣಿ ಭಾಳ ಆಗ್ಯಾವ್ರಿ. ನಾಳಿ ಬರ್ರಿ. ನಮಗ ಸೋದರತ್ತಿ ಮಗ ಆಗ್ರಿ."

ಬಾಜು ಮನೆಯ ಜಿರಳೆ

ಹಗರಿಬೊಮ್ಮನಹಳ್ಳಿಯ ನಿವೃತ್ತ ಹೆಡ್‌ಮಾಸ್ತರರು ಒಂದು ಸಲದ್ದನ್ನೇ ಮಾಡಿಸಿದ್ದರು. ಹದಿನೈದು ದಿನಕ್ಕೆ ಕರೆಸಿ, ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದಿಟ್ಟ ಜಿರಳೆಯೊಂದನ್ನು ಮುಂದಿಟ್ಟರು. ಅದು ಆರೋಗ್ಯವಾಗಿ ಮೀಸೆ ಆಡಿಸುತ್ತಿತ್ತು. ಆವತ್ತು ಔಷಧಿಗೆ ನೀರು ಹೆಚ್ಚಾಗಿದ್ದು ನನಗೆ ಗೊತ್ತಿತ್ತು. ಆದರೂ, ಇದು ನಿಮ್ಮ ಮನೆಯದಲ್ಲ ಸರ್, ಬಾಜು ಮನೆಯದು, ವರ್ಷದ್ದು ಮಾಡಿಸಿದರೆ ಅವೂ ಬರುವುದಿಲ್ಲ ಅಂದೆ.

ಅವರು ಕನ್ನಡಕ ತೆಗೆದರು. "ಮೂವತ್ತು ವರ್ಷ ಸಾಲಿ ಕಲಿಸೀನಪಾ. ಕಿಡಕಿ ಗಾಜು ಒಡದಾಗೆಲ್ಲಾ ಹುಡುಗರು ಹಿಂಗ ಅಂತಿದ್ರು, ಬಾಜು ಕ್ಲಾಸಿನವ ಅಂತ. ಹೊರಗ ಹೋಗಿ ನಿಂದ್ರು."

ನನಗೆ ನಲವತ್ತಾಗಿದೆ, ಇಬ್ಬರು ಮಕ್ಕಳಿದ್ದಾರೆ. ಹೋಗಿ ನಿಂತೆ. ಒಳಗೆ ಕರೆಯುವುದನ್ನು ಅವರು ಮರೆತರು, ಬರಲೇ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ಅವರ ಮನೆಯವರೇ ಬಂದು, ಗಂಟೆ ಹೊಡೀತು, ಇನ್ನು ಮನೆಗೆ ಹೋಗಪ್ಪ ಅಂದರು.

ಕೊಟ್ಟೂರಿಗೆ ಹೋದ ಇರುವೆಗಳು

ವರ್ಷದ್ದಕ್ಕೆ ಒಪ್ಪಿದ್ದು ಮಾಗಳದ ಒಂದೇ ಮನೆ. ಯಜಮಾನನದು ಕಿರಾಣಿ ವ್ಯಾಪಾರ. ಬೆಲ್ಲ, ಸಕ್ಕರೆಯ ಚೀಲಗಳೆಲ್ಲ ಮನೆಯಲ್ಲೇ, ಹಾಗಾಗಿ ಇರುವೆಯ ಕಾಟ. ಅವನ ತಾಯಿ, ಎಂಬತ್ತರ ಅಜ್ಜಿ, ಪ್ರತಿ ಸೋಮವಾರ ಹೊಸ್ತಿಲ ಬದಿಗೆ ಇರುವೆಗಳಿಗೆ ಸಕ್ಕರೆ ಹಾಕುತ್ತಿದ್ದಳು. ಅತ್ತೆಯ ಕಾಲದಿಂದ ಬಂದ ಪದ್ಧತಿ. ಆಕೆ ಅದನ್ನು ನಿಲ್ಲಿಸಿದ್ದರೆ ಒಂದೇ ಸಲ ಹೊಡೆದರೂ ಸಾಕಿತ್ತು. ಅದನ್ನು ನಾನು ಮಗನಿಗೆ ಹೇಳಲಿಲ್ಲ.

ಮೊದಲ ದಿನವೇ ಅಜ್ಜಿ ಪಂಪಿಗೆ ಅಡ್ಡ ನಿಂತು, ಇವನ್ನು ಕೊಲ್ಲುತ್ತೀಯಾ ಅಂದಳು. ಇದ್ದೊಂದು ಕಾಂಟ್ರಾಕ್ಟೂ ಹೋಗುತ್ತದಲ್ಲ ಅನ್ನಿಸಿತು. "ಇಲ್ಲಬೇ ಯಮ್ಮಾ, ವಾಸನಿಗೆ ಎದ್ದು ಬ್ಯಾರೆ ಊರಿಗೆ ಹೋಗ್ತಾವ" ಅಂದೆ. ಯಾವ ಊರು ಅಂದಳು. ಬಾಯಿಗೆ ಬಂದದ್ದು ನಮ್ಮೂರು, ಕೊಟ್ಟೂರು. ದೇವರಿರುವ ಊರು ಅಂತ ಅಜ್ಜಿಗೆ ಸಮಾಧಾನವಾಯಿತು.

ಅಂದಿನಿಂದ ತಿಂಗಳು ತಿಂಗಳೂ ನಾನು ಹೊರಡುವಾಗ ಒಂದು ಗಂಟು ಸಕ್ಕರೆ ಕೈಗಿಡುತ್ತಿದ್ದಳು. ಪರಸ್ಥಳ, ಹಸಿದಿರುತ್ತವೆ, ಹಾಕು ಅಂತ. ನಾನು ತಂದು ಹೆಂಡತಿಗೆ ಕೊಡುತ್ತಿದ್ದೆ. ಎಂಟು ತಿಂಗಳು ನಾವು ಅಂಗಡಿಯಿಂದ ಸಕ್ಕರೆ ತರಲಿಲ್ಲ. ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ.

ಮೊನ್ನೆ ಅಮಾವಾಸ್ಯೆಗೆ ನಮ್ಮೂರ ಗುಡಿಗೆಂದು ಬಂದ ಅಜ್ಜಿ, ಮಗನೊಡನೆ ವಿಳಾಸ ಕೇಳುತ್ತ ಕೇಳುತ್ತ ನಮ್ಮ ಮನೆಗೇ ಬಂದುಬಿಟ್ಟಳು. ಹೆಂಡತಿ ಚಹಾ ಕೊಟ್ಟಳು. ಲೋಟ ಹಿಡಿದುಕೊಂಡೇ ಎದ್ದ ಅಜ್ಜಿ, ನನ್ನ ಇರುವೆಗಳೆಲ್ಲಿ ತೋರಿಸು ಅಂದಳು. ನಾನು ನೆಪ ಹುಡುಕುವಷ್ಟರಲ್ಲಿ ಅಡುಗೆಮನೆ ಹೊಕ್ಕಿದ್ದಳು.

ಕಟ್ಟೆಯ ಮೇಲೆ ಸಕ್ಕರೆ ಡಬ್ಬಿ ಬಾಯಿ ತೆರೆದಿತ್ತು. ಗೋಡೆಯಿಂದ ಡಬ್ಬಿಯವರೆಗೆ ಇರುವೆಗಳ ಸಾಲು, ಡಬ್ಬಿಯೊಳಗೆ ಕಪ್ಪೋ ಕಪ್ಪು. ಪಂಪು ಅಲ್ಲೇ ಮೂಲೆಯಲ್ಲಿತ್ತು. ಮಗ ಪಂಪು ನೋಡಿದ, ಡಬ್ಬಿ ನೋಡಿದ, ನನ್ನ ಮುಖ ನೋಡಿದ.

"ನಿಮ್ಮ ಮನಿಗೆ ಯಾವುದು ಮಾಡಿಸೀರಿ, ಒಂದ ಸಲದ್ದೋ, ವರ್ಷದ್ದೋ?" ಅಂತ ಮೆಲ್ಲಗೆ ಕೇಳಿದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಗಿರಣಿಯೇ ಗತಿ ಅಂದುಕೊಂಡೆ.

ಅಜ್ಜಿ ಮಾತ್ರ ಡಬ್ಬಿಯ ಮೇಲೆ ಬಾಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಎಲ್ಲಾ ಬಂದು ಮುಟ್ಯಾವ. ಮೈ ತುಂಬಿಕೊಂಡಾವ" ಅಂದಳು. ಆಮೇಲೆ ಮಗನ ಕಡೆ ತಿರುಗಿ, "ಇವನನ್ನ ಯಾಕ ಕೆಣಕ್ತೀಯೋ? ಮುಂದಿನ ವರ್ಷಕ್ಕೂ ಇವನ ಇರಲಿ. ನಾ ಕೊಟ್ಟ ಸಕ್ಕರಿ ಒಂದು ಕಾಳೂ ತಾವು ಮುಟ್ಟಿಲ್ಲ ನೋಡು" ಅಂದಳು.

ಅಜ್ಜಿ ಲೋಟ ಖಾಲಿ ಮಾಡಿ ನನ್ನ ಹೆಂಡತಿಯ ಕೈಗೆ ಕೊಟ್ಟಳು.

"ಚಹಾಕ್ಕ ಸಕ್ಕರಿ ಜಾಸ್ತಿ ಆತು ನೋಡವ್ವ" ಅಂದಳು.