ತೊಗರಿ ಸಂಘದ ಅವಲಂಬಿತರು

ಶಹಾಪುರದ ತೊಗರಿ ಬೆಳೆಗಾರರ ಸಂಘಕ್ಕೆ ವರ್ಷದ ಕೊನೆಯ ದಿನ, ಡಿಸೆಂಬರ್ ಮೂವತ್ತೊಂದರಂದು, ಬಂದ ಪತ್ರದಲ್ಲಿ ಒಂದೇ ಒಂದು ಪದ ಬೇರೆಯಾಗಿದ್ದರೂ ಕಾಂತೇಶನ ಪಾಡು ಅಷ್ಟು ಕೆಡುತ್ತಿರಲಿಲ್ಲ. 'ತಮ್ಮ ತಂತ್ರಾಂಶದ ಅವಲಂಬಿತರ ಪೂರ್ಣ ಪಟ್ಟಿಯನ್ನು ಸುರಕ್ಷತಾ ತಪಾಸಣೆಗಾಗಿ ಇಂದು ಸಂಜೆ ನಾಲ್ಕರೊಳಗೆ ಕಳುಹಿಸತಕ್ಕದ್ದು' ಎಂದು ಮೇಲಿನ ಒಕ್ಕೂಟ ಬರೆದಿತ್ತು.

ಕಾಂತೇಶ ಸಂಘದ ಕಂಪ್ಯೂಟರ್ ಆಪರೇಟರ್. ಕರಾರಿನ ನೌಕರಿ, ಆ ಕರಾರೂ ಅಂದೇ ಮುಗಿಯುವುದಿತ್ತು. ಯಾವ ರೈತ ಯಾವ ದಿನ ತೊಗರಿ ಚೀಲ ತರಬೇಕೆಂದು ಟೋಕನ್ ಕೊಡುವ ತಂತ್ರಾಂಶವನ್ನು ಬರೆದವನು ಅವನೇ. ಹಾಗಾಗಿ ಪತ್ರ ಅವನಿಗೆ ಅರ್ಥವಾಯಿತು. ಉಳಿದವರಿಗೂ ಅರ್ಥವಾಯಿತು, ಆದರೆ ಬೇರೆ ರೀತಿಯಲ್ಲಿ. ತೊಂದರೆ ಶುರುವಾದದ್ದು ಅಲ್ಲಿಂದ.

"ನಾವು ಬರಿಯೋ ಪ್ರೋಗ್ರಾಂ ತಾನ ಒಂದೇ ನಿಂದರಂಗಿಲ್ಲರಿ," ಎಂದು ಅವನು ಕಾರ್ಯದರ್ಶಿ ಜಗದೇವಪ್ಪನವರಿಗೆ ಬಿಡಿಸಿ ಹೇಳಿದ. "ಬ್ಯಾರೆ ಮಂದಿ ಬರದಿಟ್ಟ ಸಣ್ಣ ಸಣ್ಣ ಪ್ರೋಗ್ರಾಂ ತಂದು ಆಸರ ಕೊಟ್ಟಿರ್ತೀವಿ. ಒಕ್ಕೂಟದವರು ಅವಕ್ಕೇ ಅವಲಂಬಿತರು ಅಂದಾರ. ಅವುಗಳ ಹೆಸರು, ಎಷ್ಟನೇ ಆವೃತ್ತಿ ಅನ್ನೋ ನಂಬರು ಒಂದು ಫೈಲಿನ್ಯಾಗ ಇರ್ತಾವ. ಒಕ್ಕೂಟದ ಮಷೀನು ಆ ಫೈಲ್ ಸಾಲಿಗೊಂದರಂಗ ಓದಿ, ದೋಷ ಇದ್ದವುಗಳ ಯಾದಿಗಿ ತಾಳೆ ಹಚ್ಚಿ ನೋಡತದ. ಎಲ್ಲೆರ ಹುಳುಕು ಇತ್ತಂದ್ರ ಕಳ್ಳರು ಅಲ್ಲಿಂದ ಒಳಗ ಬರ್ತಾರರಿ."

ಜಗದೇವಪ್ಪ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದರು. ಆಮೇಲೆ ಒಂದು ಕಣ್ಣು ತೆರೆದು, "ತಪಾಸಣಿ ಫುಕಟ್ ಏನು?" ಎಂದರು.

"ಹೌದ್ರಿ."

"ಹಂಗಾರ ನಮ್ಮತ್ತಿ ಯಂಕಮ್ಮನ ಹೆಸರು ಹಾಕು. ಮೊಣಕಾಲು ಭಾಳ ನೋಯ್ತಾವ ಅಂತಾಳ."

"ಇದು ದವಾಖಾನಿ ತಪಾಸಣಿ ಅಲ್ಲರಿ."

"ಅವಲಂಬಿತರು ಅಂತ ಬರದಾರಿಲ್ಲೋ? ಮೂವತ್ತು ವರ್ಷ ಆತು, ನನ್ನ ಮನ್ಯಾಗ ಅದಾಳ. ಆಕಿಗಿಂತ ಅವಲಂಬಿತರು ಇನ್ಯಾರಪ? ನಿನ್ನ ಕರಾರಿನ ಕಾಗದ ನನ್ನ ಟೇಬಲ್ ಮ್ಯಾಲೇ ಅದ, ನೆನಪಿರಲಿ."

ಕಾಂತೇಶ ಫೈಲು ತೆರೆದ. ಹನ್ನೊಂದು ಹೆಸರುಗಳ ಕೆಳಗೆ, ಅವುಗಳ ಮಾದರಿಯಲ್ಲೇ, ಯಂಕಮ್ಮ, ಎರಡು ಸಮಚಿಹ್ನೆ, ಆವೃತ್ತಿಯ ಜಾಗದಲ್ಲಿ ಅವಳ ವಯಸ್ಸು ಅರವತ್ತೆಂಟು ಎಂದು ಟೈಪು ಮಾಡಿದ. ಸಾಹೇಬರು ಊಟಕ್ಕೆ ಹೋದ ಮೇಲೆ ಅಳಿಸಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಗುಮಾಸ್ತೆ ಸಾವಿತ್ರಿಬಾಯಿ ಅವನ ಬೆನ್ನ ಹಿಂದೆ ನಿಂತು ಪರದೆ ಓದುತ್ತಿದ್ದರು. ಪ್ರೋಗ್ರಾಂ ಬರೆಯುವವರು ಅವಕ್ಕೆ ಸಾಕಿದ ಬೆಕ್ಕಿಗೆ ಇಡುವಂಥ ಮುದ್ದಿನ ಹೆಸರಿಡುತ್ತಾರೆ. ಪರದೆಯ ಮೇಲೆ ಸಾಲಾಗಿ ಮೋಹಿನಿ ಇಪ್ಪತ್ತಾರು, ಚಿಂಟು ನಾಲ್ಕು, ರೋಜಿ ಎರಡು ಎಂದಿತ್ತು.

"ಲಗ್ನ ಆಗಿಲ್ಲಂತ ಹೇಳಿದ್ದೆಲ್ಲ ಕಾಂತೇಶ," ಎಂದರು ಸಾವಿತ್ರಿಬಾಯಿ.

"ಅವೆಲ್ಲ ಪ್ರೋಗ್ರಾಂ ಅದಾವರಿ ಅಕ್ಕಾರ."

"ಹುಟ್ಟಿಸಿದ ಕೂಸಿಗಿ ಪ್ರೋಗ್ರಾಂ ಅನಬ್ಯಾಡಪ. ರೋಜಿಗಿ ಇನ್ನಾ ಎರಡೇ ವರ್ಷ."

ತೂತು ಬಿದ್ದ ಚೀಲದಿಂದ ತೊಗರಿ ಉದುರಿದಂತೆ ಸುದ್ದಿ ಗೋದಾಮಿನವರೆಗೂ ಉದುರುತ್ತ ಹೋಯಿತು. ಕಾವಲುಗಾರ ದುರಗಪ್ಪ ಬಂದು ಕಾಂತೇಶನ ಕೈ ಕುಲುಕಿದ. "ನಿಮ್ಮವರು ಹನ್ನೊಂದು ಮಂದಿ ನಡಿತಾರಂದ್ರ, ನಮ್ಮವ್ವ ದೇವಕಮ್ಮ ಒಬ್ಬಾಕಿ ಏನು ಭಾರ ಆಗ್ತಾಳ್ರಿ? ಎಪ್ಪತ್ತೊಂದು ಅಂತ ಹಾಕ್ರಿ." ಸಾವಿತ್ರಿಬಾಯಿ ಹೇಳಲೂ ಇಲ್ಲ, ಕೇಳಲೂ ಇಲ್ಲ, ಕೀಲಿಮಣೆ ತಮ್ಮ ಕಡೆ ಎಳೆದುಕೊಂಡು ತಮ್ಮ ತಂದೆ ಚಂದ್ರಾಮಪ್ಪನವರನ್ನೂ ಸೇರಿಸಿಬಿಟ್ಟರು, ಎಂಬತ್ತು.

ಅಳಿಸಬೇಕೆಂದು ಕಾಂತೇಶ ಮಧ್ಯಾಹ್ನವಿಡೀ ಕಾದ. ಅಂದು ಜಗದೇವಪ್ಪ ಡಬ್ಬಿ ತರಿಸಿ ಅವನ ಪಕ್ಕದಲ್ಲೇ ಕೂತು ಮೂರೂಮುಕ್ಕಾಲರವರೆಗೂ ನಿಧಾನವಾಗಿ ಉಂಡರು. ಕೈ ತೊಳೆಯಲು ಅವರು ಎದ್ದ ಹೊತ್ತಿಗೆ ಸರಿಯಾಗಿ ಸೈದಾಪುರದಿಂದ ಅವನ ತಾಯಿಯ ಫೋನು ಬಂತು; ಸುದ್ದಿ ಅಷ್ಟರಲ್ಲಿ ಅಲ್ಲಿಗೂ ಮುಟ್ಟಿತ್ತು. ಮಾತು ಕಡಿದು ಕಡಿದು ಕೇಳುತ್ತಿತ್ತೆಂದು ಅವನು ಅಂಗಳಕ್ಕೆ ಓಡಿದ.

"ಮೋಹಿನಿ ಯಾವ ಊರಾಕಿ?" ಎಂದಳು ತಾಯಿ.

"ಅವ್ವಾ, ಆಕಿ ಮನಷಾಳೇ ಅಲ್ಲ."

"ಹಂಗ ಅನಬಾರದಪ, ಎರಡು ಮಕ್ಕಳ ತಾಯಿ. ಜಗಳ ಎಲ್ಲಾರ ಮನ್ಯಾಗೂ ಇರ್ತಾವ. ಐತವಾರ ಎಲ್ಲಾರನ್ನೂ ಕರಕೊಂಡು ಬಾ. ರೋಜಿಗಿ ಕುಲಾಯಿ ಹೊಲಿಯಾಕತ್ತೀನಿ," ಎಂದು ಫೋನು ಇಟ್ಟಳು.

ಅವನು ಒಳಗೆ ಬಂದಾಗ ಸಾವಿತ್ರಿಬಾಯಿ ಅವನ ಕುರ್ಚಿಯಲ್ಲಿ ಕೂತಿದ್ದರು. "ನಾಲ್ಕಕ್ಕ ಎರಡೇ ನಿಮಿಷ ಉಳಿದಿತ್ತು. ನಾನೇ ಕಳಿಸು ಅನ್ನೋದು ಒತ್ತಿದೆ. ಏನೂ ಉಪಕಾರ ಅಂತ ತಿಳ್ಕೊಬ್ಯಾಡ."

ಹದಿನೈದು ನಿಮಿಷಕ್ಕೆ ಮಷೀನಿನ ವರದಿ ಬಂತು. ಮೋಹಿನಿ, ಚಿಂಟು, ರೋಜಿ ಮೊದಲಾಗಿ ಹನ್ನೊಂದೂ ಹೆಸರುಗಳ ಎದುರು ಕೆಂಪು: 'ಹಳೆಯದು, ದೋಷವಿದೆ'. ಮೂರರ ಎದುರು ಮಾತ್ರ ಹಸಿರು. ಯಂಕಮ್ಮ, ದೇವಕಮ್ಮ, ಚಂದ್ರಾಮಪ್ಪ: 'ಯಾವುದೇ ದೋಷ ಕಂಡುಬಂದಿಲ್ಲ'. ದೋಷದ ಯಾದಿಯಲ್ಲಿ ಹೆಸರಿಲ್ಲದವರೆಲ್ಲ ಆ ಮಷೀನಿಗೆ ನಿರ್ದೋಷಿಗಳು.

ಜಗದೇವಪ್ಪ ವರದಿಯನ್ನು ಎರಡು ಸಲ ಓದಿದರು. "ನಮ್ಮತ್ತ್ಯಾಗ ದೋಷ ಇಲ್ಲಂತ," ಎಂದು ಮೆಲ್ಲಗೆ ಅಂದರು. "ಯಾವ ಕಂಪನಿ ಮಷೀನಪ ಇದು?"

ಅಷ್ಟಕ್ಕೇ ಮುಗಿಯಲಿಲ್ಲ. ಐದು ಗಂಟೆಗೆ ಒಕ್ಕೂಟದ ಆದೇಶ ಬಂತು. 'ದೋಷವುಳ್ಳ ಹನ್ನೊಂದನ್ನೂ ಕೂಡಲೇ ಕೈಬಿಟ್ಟು, ಉಳಿದ ಮೂರರ ಆಧಾರದಲ್ಲೇ ತಂತ್ರಾಂಶ ನಡೆಸುವುದು. ಯಂಕಮ್ಮನನ್ನು ಸುರಪುರ ಮತ್ತು ಯಾದಗಿರಿ ಸಂಘಗಳಲ್ಲೂ ಅಳವಡಿಸುವುದು. ಯಂಕಮ್ಮ ಅರವತ್ತೆಂಟನೇ ಆವೃತ್ತಿ ಚಾಲ್ತಿಯಲ್ಲಿರುವವರೆಗೆ ಶ್ರೀ ಕಾಂತೇಶ ಅವರ ಕರಾರನ್ನು ಮುಂದುವರಿಸಲಾಗಿದೆ.'

ಕಾಂತೇಶ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡ. ತಂತ್ರಾಂಶ ಹಾಳಾಗಿ ಹೋಗಲಿ, ನೌಕರಿ ಉಳಿಯಿತು. ಜಗದೇವಪ್ಪ ಸಹಿ ಹಾಕಿ ಅವನ ಬೆನ್ನು ತಟ್ಟಿದರು. "ಚಿಂತಿ ಬಿಡು. ಮುದುಕಿ ಗಟ್ಟಿ ಅದಾಳ, ಇನ್ನಾ ಇಪ್ಪತ್ತು ವರ್ಷ ಎಲ್ಲೂ ಹೋಗಂಗಿಲ್ಲ."

ಸಾವಿತ್ರಿಬಾಯಿ ಮಾತ್ರ ಆದೇಶವನ್ನು ಮತ್ತೊಮ್ಮೆ ಓದುತ್ತಿದ್ದರು. "ಸಾಹೇಬ್ರ, ಅರವತ್ತೆಂಟನೇದು ಇರೋತನಕ ಅಂತ ಬರದಾರ. ಯಂಕಮ್ಮಗ ಅರವತ್ತೊಂಬತ್ತು ಯಾವಾಗ್ರಿ?"

"ಆಕಿ ಹುಟ್ಟಿದ ದಿನ ಯಾರಿಗಿ ಗೊತ್ತವಾ?" ಎಂದರು ಜಗದೇವಪ್ಪ. "ಆಧಾರ್ ಮಾಡಿಸುವಾಗ ಎಲ್ಲಾ ಮುದುಕರಿಗಿ ಬರದಂಗ ಆಕಿಗೂ ಜನವರಿ ಒಂದು ಅಂತ ಬರದಾರ."

ಮೂವರೂ ಗೋಡೆಯ ಗಡಿಯಾರ ನೋಡಿದರು. ಐದೂವರೆಯಾಗಿತ್ತು. ಕಾಂತೇಶನ ಹೊಸ ಕರಾರಿಗೆ ಇನ್ನು ಆರೂವರೆ ತಾಸು ಆಯುಷ್ಯವಿತ್ತು.