ಸೂರು ನೋಡುವ ಮಾಮಾ

ನಮ್ಮ ಮಾಮಾ ಈ ವಯಸ್ಸಿನವರೆಗೆ ಯಾರ ಮುಖವನ್ನಾದರೂ ಸರಿಯಾಗಿ ನೋಡಿದ್ದಾರೆಯೇ ಎಂಬ ಅನುಮಾನ ನನಗಿತ್ತು. ಮಾತನಾಡುವಾಗ ಅವರ ಕಣ್ಣು ಎದುರಿನವರ ತಲೆಗಿಂತ ನಾಲ್ಕು ಮೊಳ ಮೇಲಿರುತ್ತದೆ. ಹೊಸಬರಾದರೆ ಮೊದಲು ತಮ್ಮ ತಲೆ ಮುಟ್ಟಿಕೊಳ್ಳುತ್ತಾರೆ. ಆಮೇಲೆ ಹಿಂದೆ ಗೋಡೆಯ ಮೇಲೆ ಹಲ್ಲಿ ಕೂತಿದೆಯೇ ಎಂದು ತಿರುಗಿ ನೋಡುತ್ತಾರೆ. ಕೊನೆಗೆ ಈ ಮನುಷ್ಯನಿಗೆ ಭಾರಿ ಸೊಕ್ಕು ಎಂದು ತೀರ್ಮಾನಿಸಿ ಎದ್ದು ಹೋಗುತ್ತಾರೆ. ಸೊಕ್ಕೂ ಇಲ್ಲ, ಹಲ್ಲಿಯೂ ಇಲ್ಲ. ಮಾಮಾ ನೋಡುತ್ತಿರುವುದು ಮನೆಯ ಸೂರನ್ನು.

ಮಾಮಾ ಅಂದರೆ ನನ್ನ ಅವ್ವನ ಒಬ್ಬನೇ ತಮ್ಮ. ಸೂರಿಗೆ ಹಾಕುವ ತಗಡಿನ ಹಾಳೆಗೆ ನಮ್ಮ ಕಡೆ ಪತ್ರಾ ಎನ್ನುತ್ತಾರೆ. ಆ ಪತ್ರಾ ತಯಾರಿಸುವ ಶೆಡ್ಡೊಂದು ಜತ್ತ ಪಟ್ಟಣದ ಹೊರಗೆ ರಸ್ತೆಗೆ ಹತ್ತಿಕೊಂಡೇ ಇದೆ. ಅಲ್ಲಿಯ ಮಷೀನು ನಡೆಸುವವರು ಇವರು. ತಾಲೂಕಿನ ಅರ್ಧ ಮಂದಿ ತಮ್ಮ ಕೈಯ ಕೆಳಗೇ ಮಲಗುತ್ತಾರೆ ಎಂಬುದು ಅವರ ಲೆಕ್ಕ. ಯಾವ ಊರಿಗೆ ಹೋದರೂ ತಾವು ಮಾಡಿದ ಪತ್ರಾ ಯಾವುದು, ಬೇರೆಯವರದು ಯಾವುದು ಎಂದು ಬಸ್ಸಿನ ಕಿಟಕಿಯಿಂದಲೇ ವಿಂಗಡಿಸುತ್ತಾ ಹೋಗುತ್ತಾರೆ. ಪಕ್ಕದ ಸೀಟಿನವರಿಗೆ ಅದು ಬೇಕೋ ಬೇಡವೋ ಎಂದು ಕೇಳುವುದಿಲ್ಲ.

ನಾನು ದರಿಬಡಚಿಯ ಸಾಲೆಯಲ್ಲಿ ಟೀಚರ್. ಗೊತ್ತಿಲ್ಲದ್ದು ಕಣ್ಣಿಗೆ ಬಿದ್ದರೆ ಕೆದಕದೆ ಬಿಡುವವಳಲ್ಲ. ಒಮ್ಮೆ ಮಾಮಾನ ಬುತ್ತಿ ಕೊಡುವ ನೆಪ ಮಾಡಿಕೊಂಡು ಶೆಡ್ಡಿಗೆ ಹೋದೆ. ಒಂದು ತುದಿಯಲ್ಲಿ ಬಣ್ಣದ ತಗಡಿನ ದೊಡ್ಡ ಸುರುಳಿ ಇತ್ತು, ಗಾಡಿಯ ಗಾಲಿಯಷ್ಟು ಎತ್ತರ. ಅದಕ್ಕೆ ಕಾಯಿಲ್ ಎನ್ನುತ್ತಾರೆ. ಅದರ ತುದಿ ಬಿಡಿಸಿ ಮಷೀನಿನ ಬಾಯಿಗೆ ಕೊಡಬೇಕು. ಅಲ್ಲಿಂದ ಮುಂದಕ್ಕೆ ಸಾಲಾಗಿ ರೋಲರ್‌ಗಳು, ಮೇಲೊಂದು ಕೆಳಗೊಂದು, ಜೋಡಿ ಜೋಡಿ. ಮೊದಲ ಜೋಡಿ ದಾಟಿದ ತಗಡು ಹೇಗಿತ್ತೋ ಹಾಗೇ ಸಪಾಟಾಗಿ ಕಂಡಿತು. ಎರಡನೆಯದರಲ್ಲಿ ಏನೋ ಆದ ಹಾಗೆ, ಆಗದ ಹಾಗೆ. ಇನ್ನಷ್ಟು ದಾಟಿದ ಮೇಲೆ ಮೆಲ್ಲಗೆ ಮೈ ಎತ್ತಿತು. ಕೊನೆಯ ಜೋಡಿಯಿಂದ ಹೊರಗೆ ಬಂದಾಗ ನೋಡಿದರೆ ನೆಟ್ಟಗೆ ಏಣುಗಳೆದ್ದ, ಏಣುಗಳ ನಡುವೆ ತಗ್ಗು ಬಿದ್ದ ಪತ್ರಾ! ಕೊನೆಗೊಂದು ಬ್ಲೇಡು ಇಳಿದು ಬೇಕಾದ ಉದ್ದಕ್ಕೆ ಕತ್ತರಿಸಿತು. ನಾನು ಮತ್ತೆ ಮೊದಲಿಗೆ ಓಡಿದೆ, ಮತ್ತೆ ಕೊನೆಗೆ ಬಂದೆ. ತಗಡು ಎಲ್ಲಿ ಪತ್ರಾ ಆಯಿತೆಂದು ಹಿಡಿಯಲಾಗಲಿಲ್ಲ.

"ಮಾಮಾ, ಇದರಾಗ ಯಾವ ರೋಲರ್‌ಗಿ ತಗಡ ಪತ್ರಾ ಆಗ್ತೈತ್ರಿ?"

"ಯಾವದಕ್ಕೂ ಇಲ್ಲ."

"ಹಂಗಂದ್ರ?"

"ನೀ ಯಾವ ದಿನ ಟೀಚರ್ ಆದಿ?"

"ಆರ್ಡರ್ ಬಂದ ದಿನ."

ಮಾಮಾ ಶೆಡ್ಡಿನ ಸೂರು ನೋಡಿದರು. "ಅದಕ್ಕ ನಿಮ್ಮ ಸಾಲಿ ಹಂಗೈತಿ" ಅಂದರು.

ಆಮೇಲೆ ಸಮಾಧಾನವಾಗಿ ತಿಳಿಸಿದರು. "ಒಮ್ಮಿಗೇ ಬಗ್ಗಿಸಿದ್ರ ಬಣ್ಣ ಸೀಳತೈತಿ ಅವ್ವಿ. ಒಂದೊಂದ ರೋಲರ್ ತುಸು ತುಸು ಬಗ್ಗಸಬೇಕು. ತಗಡಿಗಿ ಗೊತ್ತ ಆಗಬಾರ್ದು."

ಅದು ಶೆಡ್ಡಿನೊಳಗೇ ಇದ್ದಿದ್ದರೆ ಚೆನ್ನಾಗಿತ್ತು. ಮಾಮಾ ಇಡೀ ಸಂಸಾರವನ್ನೇ ರೋಲರ್‌ಗಳ ನಡುವೆ ನಡೆಸುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಒಮ್ಮೆಗೇ ಏಳುವುದಿಲ್ಲ. ಮೊದಲು ಒಂದು ಕಾಲು ಹೊರಗೆ, ಸ್ವಲ್ಪ ಹೊತ್ತಿಗೆ ಮೊಣಕೈ, ಆಮೇಲೆ ಕುತ್ತಿಗೆ. ಅಷ್ಟರಲ್ಲಿ ಮಾಮಿ ಮಾಡಿಟ್ಟ ಚಹಾ ಆರಿ ಹೋಗಿರುತ್ತದೆ. ಆದರೆ ಮಾಮಿಯೇನು ಕಡಿಮೆಯವರೇ? ತಗಡನ್ನು ಬಗ್ಗಿಸಿ ಬಿಟ್ಟರೆ ಅದು ತುಸು ಹಿಂದಕ್ಕೆ ಸರಿಯುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಗ್ಗಿಸಿರಬೇಕು ಎಂದು ಮಾಮಾ ಒಮ್ಮೆ ಬಾಯಿ ತಪ್ಪಿ ಹೇಳಿದ್ದರು. ಅಂದಿನಿಂದ ಮಾಮಿ ಒಂದು ಸೀರೆ ಬೇಕಾದಾಗ ಎರಡು ಕೇಳುತ್ತಾರೆ.

ದೊಡ್ಡಮ್ಮನ ಮಗನಿಗೆ ಹೆಣ್ಣು ನೋಡಲು ಯಳವಿಗೆ ಹೋದಾಗ ಹಿರಿಯರೆಂದು ಮಾಮಾನನ್ನು ಮುಂದೆ ಕೂರಿಸಿದ್ದರು. ಹುಡುಗಿ ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದಳು. ಎಲ್ಲರೂ ಹುಡುಗಿಯನ್ನು ನೋಡಿದರು. ಮಾಮಾ ಸೂರು ನೋಡಿದರು. ನೋಡುತ್ತಾ ನೋಡುತ್ತಾ ಅವರ ಹುಬ್ಬು ಗಂಟಾಯಿತು. ಹುಡುಗಿಯ ಅಪ್ಪನ ಮುಖ ಬಾಡಿತು.

"ಈ ಸ್ಕ್ರೂ ಯಾರ ಹೊಡದಾರ್ರಿ?" ಅಂದರು ಮಾಮಾ.

"ಯಾಕ್ರಿ, ಏನಾತ್ರಿ?"

"ತಗ್ಗಿನ್ಯಾಗ ಹೊಡದಾರ. ನೀರ ಹರಿಯೂ ದಾರ್ಯಾಗ ತೂತ ಮಾಡಿದಂಗ ಆತಲ್ಲ. ಏಣಿನ ಮ್ಯಾಲ ಹೊಡೀಬೇಕ್ರಿ."

ತಾಟು ಹಿಡಿದು ನಿಂತಿದ್ದ ಹುಡುಗಿ ತಲೆ ಬಗ್ಗಿಸಿಕೊಂಡೇ ಅಂದಳು, "ನಾನೂ ಅದನ್ನ ಹೇಳಿದ್ನಿರಿ. ಯಾರೂ ಕೇಳ್ಲಿಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಮದುಮಗ ಅಂಜುತ್ತಲೇ ಹುಡುಗಿ ಹೇಗಿದ್ದಾಳೆಂದು ಕೇಳಿದ. ಮಾಮಾ ಅಂದರು, "ಮಾರಿ ನೋಡ್ಲಿಲ್ಲೋ ತಮ್ಮಾ. ಆಕಿಗಿ ಸ್ಕ್ರೂ ತಿಳೀತೈತಿ, ಮಾಡ್ಕೋ." ಮಾಡಿಕೊಂಡ. ಇಂದಿಗೂ ಆ ಮನೆ ಒಂದು ಹನಿ ಸೋರಿಲ್ಲ.

ಇಂಥ ಮಾಮಾನಿಗೆ ಸಿಟ್ಟು ಬಂದದ್ದನ್ನು ನಾನು ಒಂದೇ ಸಲ ನೋಡಿದ್ದು. ಪತ್ರಾದ ಒಂದು ಮೈಗೆ ಬಣ್ಣ ಇರುತ್ತದೆ, ಇನ್ನೊಂದು ಮೈಗೆ ಬೂದುಬಿಳಿ ಅಸ್ತರು. ಕಾಯಿಲ್ ಹೂಡುವಾಗ ಬಣ್ಣದ ಮೈ ಮೇಲಿರಬೇಕು. ಜೊತೆಯ ಆಪರೇಟರ್ ಯಾವುದೋ ಗುಂಗಿನಲ್ಲಿ ತಿರುವುಮುರುವು ಹೂಡಿಬಿಟ್ಟ. ಏಣುಗಳು ಸರಿಯಾಗಿಯೇ ಎದ್ದವು, ಬಣ್ಣ ಮಾತ್ರ ಕೆಳಗೆ ಹೋಯಿತು. ಹಾಳೆಯನ್ನು ಮಗುಚಿ ಹಾಕಿದರಾಯಿತಲ್ಲ ಎಂದು ನೀವು ಅನ್ನಬೇಡಿ. ನಾನು ಅಂದು ಬೈಸಿಕೊಂಡಿದ್ದೇನೆ. ಮಗುಚಿದರೆ ಏಣು ಕೆಳಗಾಗುತ್ತದೆ, ಒಂದರ ಅಂಚು ಇನ್ನೊಂದರ ಮೇಲೆ ಕೂರುವುದಿಲ್ಲ, ಮಳೆನೀರು ನೇರವಾಗಿ ಮನೆಯೊಳಗೆ. ಕೊನೆಗೆ ಆ ಪತ್ರಾಗಳನ್ನು ಮುಚ್ಚಂಡಿಯ ಹೈನದವರೊಬ್ಬರು ಎಮ್ಮೆಯ ಕೊಟ್ಟಿಗೆಗೆ ಒಯ್ದರು. ಹೊರಗಿನಿಂದ ನೋಡಿದರೆ ಬೂದಿ ಬಳಿದ ಹಾಗೆ, ಒಳಗೆ ಮಾತ್ರ ಕೆಂಪೋ ಕೆಂಪು.

"ಎಮ್ಮಿ ಬಣ್ಣ ನೋಡ್ತಾವೇನಲೇ?" ಎಂದು ಮಾಮಾ ಆ ಆಪರೇಟರ್‌ನನ್ನು ಹಿಡಿದು ಝಾಡಿಸಿದರು. "ಬಣ್ಣ ದಾರ್ಯಾಗ ಹೋಗವ್ರಿಗಿ, ಅಸ್ತರ ಒಳಗ ಇರವ್ರಿಗಿ. ಇಷ್ಟ ತಿಳೀದಾಂವ ಮಷೀನ ಮುಟ್ಟಬಾರ್ದು." ಪಾಪ, ಆ ಮನುಷ್ಯ ಮುಂದೆ ಎಷ್ಟೋ ದಿನ ಎಮ್ಮೆ ಎದುರಾದರೆ ದಾರಿ ಬದಲಿಸುತ್ತಿದ್ದ.

ಇನ್ನು ಮಾಮಾ ಸುದ್ದಿ ಹೇಳುವ ಬಗೆ, ಅದೂ ಒಂದೊಂದು ರೋಲರ್ ದಾಟಿಯೇ. ಹೋದ ಹಿಂಗಾರಿಯ ಬಿತ್ತನೆಯ ಸಮಯದಲ್ಲಿ, ನಾನು ಸಾಲೆಯಲ್ಲಿದ್ದಾಗ ಮಾಮಾನ ಫೋನ್ ಬಂತು.

"ಅವ್ವಿ, ಊಟ ಆತೇನು?"

"ಆತ್ರಿ. ಯಾಕ್ರಿ?"

"ಇವತ್ತ ಗಾಳಿ ಭಾಳ ಐತಿ. ನಾ ನಿಮ್ಮ ಹೊಲದ ಕಡಿ ಬಂದಿದ್ನಿ."

"ಹೂಂ."

"ನಿಮ್ಮವ್ವ ಬದುವಿನ ಮ್ಯಾಲ ನಿಂತಿದ್ಲು. ಬದು ಮೆತ್ತಗಾಗಿತ್ತು."

"ಹೂಂ…"

"ಈಗ ಮಲಗ್ಯಾಳ. ಮಾತ ಆಡಾಕತ್ತಾಳ, ನನ್ನನ್ನ ಬಯ್ಯಾಕತ್ತಾಳ. ಮಿರಜಿ ದವಾಖಾನಿಗಿ ಕರ್ಕೊಂಡ ಹೊಂಟೇವಿ. ನೀ ಲಗೂನ ಬಾ. ಓಡಬ್ಯಾಡ."

ನೋಡಿದಿರಾ? ಮಾತು ಮುಗಿಯುವಷ್ಟರಲ್ಲಿ ನಾನು ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹೊರಗಿದ್ದೆ. ಯಾವ ಮಾತಿಗೆ ಎದ್ದೆ, ಯಾವ ಮಾತಿಗೆ ಚೀಲ ಎತ್ತಿಕೊಂಡೆ, ಇಂದಿಗೂ ಹೇಳಲಾರೆ.

ಅವ್ವ ಬಿದ್ದದ್ದು ಹೇಗೆ ಎಂದು ಹೇಳಿದರೆ ಈ ಮನೆತನದ ಗುಣ ನಿಮಗೆ ಗೊತ್ತಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಹೊಲ ನೋಡಿಕೊಂಡವಳು ಅವಳೇ. ಕೂರಿಗೆಯ ಸಾಲು ಒಂದಿಷ್ಟು ಸೊಟ್ಟಗಾದರೂ ಅವಳಿಗೆ ಅನ್ನ ಇಳಿಯುವುದಿಲ್ಲ. ಬಿತ್ತನೆಯ ದಿನ ಬದುವಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಸಾಲು ನೆಟ್ಟಗಿದೆಯೇ ಎಂದು ನೋಡುತ್ತಾಳೆ. ಅಂದೂ ಸಾಲು ಪೂರ್ತಿ ಕಾಣಲೆಂದು ಹಿಂದೆ ಹಿಂದೆ ಸರಿದಿದ್ದಾಳೆ. ಬದು ಮುಗಿದದ್ದು ಅವಳಿಗೆ ಕಾಣಲಿಲ್ಲ. ಬೆನ್ನಿನ ಎಲುಬು ಬಿರುಕು ಬಿಟ್ಟಿತ್ತು. ಹಲಗೆಯ ಮೇಲೆ ಅಂಗಾತ ಮಲಗಬೇಕು, ಕೆಲವು ತಿಂಗಳು ಏಳುವ ಮಾತಿಲ್ಲ ಎಂದರು ಡಾಕ್ಟರು. ಬಿತ್ತಿದವಳಿಗೆ ಪೈರು ನೋಡುವುದಕ್ಕೆ ಇಲ್ಲವಾಯಿತು.

ನಮ್ಮದು ಹಳೆಯ ಮಾಳಿಗೆಯ ಮನೆ, ತೊಲೆಗಳ ಮೇಲೆ ಮಣ್ಣು ಹೊದಿಸಿದ ಸೂರು. ಓಡಾಡುವವರಿಗೆ ಅದರಿಂದ ತೊಂದರೆ ಇಲ್ಲ, ಅಂಗಾತ ಮಲಗಿದವರಿಗೆ ಮಾತ್ರ ಆ ಮಾಳಿಗೆ ಏನೆಂದು ತಿಳಿಯುತ್ತದೆ. ಸದಾ ಮಣ್ಣು ಉದುರುತ್ತದೆ. ತೊಲೆಯ ಕೆಳಗೆ ಹಳೆಯ ಸೀರೆ ಕಟ್ಟಿದ್ದೆವು, ಅದರ ಸಂದಿಯಿಂದಲೂ ಉದುರುತ್ತಿತ್ತು. ಅವ್ವ ಸೆರಗು ಮುಖಕ್ಕೆಳೆದು ಕಣ್ಣು ಮುಚ್ಚಿಯೇ ಮಲಗತೊಡಗಿದಳು. ಮೊದಮೊದಲು ಬೆಳಿಗ್ಗೆ ಎದ್ದ ಕೂಡಲೇ "ಹೊಲ ಹೆಂಗೈತಿ?" ಎಂದು ಕೇಳುತ್ತಿದ್ದಳು. ಬರಬರುತ್ತಾ ಕೇಳುವುದು ಬಿಟ್ಟಳು. ಅರ್ಧ ರೊಟ್ಟಿಗೆ ಸಾಕು ಎನ್ನುತ್ತಿದ್ದಳು. ನಾನೇ ಹೊಲದ ಸುದ್ದಿ ತೆಗೆದರೆ "ಇರ್ಲಿ ಬಿಡು" ಅನ್ನುತ್ತಿದ್ದಳು. ಎಲುಬು ಕೂಡುತ್ತದೆ ಎಂದು ಡಾಕ್ಟರು ಹೇಳಿದ್ದರು, ಆದರೆ ಹೊಲದ ಮಾತೇ ಬೇಡವಾದ ಅವ್ವ ಮತ್ತೆ ಎದ್ದು ನಿಲ್ಲುತ್ತಾಳೆಯೇ ಎಂದು ನನಗೆ ಭಯವಾಯಿತು.

ಮಾಮಾ ಬಂದರು. ಅಕ್ಕನ ಮಂಚದ ಪಕ್ಕ ಕುಳಿತು ಮಾಳಿಗೆಯನ್ನು ಬಹಳ ಹೊತ್ತು ನೋಡಿದರು. ಪಡಸಾಲೆಯ ಮಾಳಿಗೆ ಇಳಿಸಿ ಪತ್ರಾ ಹಾಕೋಣ, ಅಕ್ಕನನ್ನು ಅಲ್ಲಿಗೇ ತರೋಣ ಅಂದರು. ಚಳಿಗಾಲ ಮುಂದಿತ್ತು, ಸೆಕೆಯ ಚಿಂತೆ ಇರಲಿಲ್ಲ. ಅಳತೆ ತೆಗೆದುಕೊಂಡು ಹೋದರು. ಹೋದವರು ಹೋದರು! ಮಣ್ಣು ಇಳಿಸಿ ಆಯಿತು, ಕಬ್ಬಿಣದ ಪೈಪು ನಿಲ್ಲಿಸಿ ಆಯಿತು, ಪತ್ರಾ ಇಲ್ಲ. ಫೋನ್ ಮಾಡಿದರೆ "ಕಾಯಿಲ್ ಬಂದಿಲ್ಲ ಅವ್ವಿ." ನಾನೇ ಶೆಡ್ಡಿಗೆ ಹೋಗಿ ನೋಡಿದೆ. ನೀಲಿ ಕಾಯಿಲ್ ಇತ್ತು, ಕೆಂಪು ಇತ್ತು, ಬಿಳಿ ಇತ್ತು.

"ಇವೇನ್ರಿ ಮಾಮಾ ಹಂಗಾದ್ರ?"

"ಅವು ಬ್ಯಾಡ."

"ಆಕಿ ಮಾರಿ ಮ್ಯಾಲ ಮಣ್ಣ ಬೀಳಾಕತ್ತೈತ್ರಿ. ನಿಮಗ ಬಣ್ಣದ ಚಿಂತಿ!"

ಮಾಮಾ ಸೂರು ನೋಡಿದರು. ಆ ದಿನ ಆ ನೋಟ ನನಗೆ ನಗು ತರಿಸಲಿಲ್ಲ. ಇವರ ಹುಚ್ಚಿಗೆ ನನ್ನ ಅವ್ವ ಸಿಕ್ಕಿಬಿದ್ದಳಲ್ಲ ಎಂದು ಹಲ್ಲು ಕಡಿದುಕೊಂಡು ಬಸ್ಸು ಹತ್ತಿದೆ.

ಅಂತೂ ಒಂದು ಮುಂಜಾನೆ ಟೆಂಪೋ ಬಂತು. ಮಾಮಾ ಬಂದರು, ಸ್ಕ್ರೂ ಹೊಡೆಯಲು ಆ ಆಪರೇಟರ್ ಕೂಡ ಬಂದ. ಅವನ ಮುಖದಲ್ಲಿ ಹಬ್ಬದ ಕಳೆ ಇತ್ತು. ಯಾಕೆಂದು ಪತ್ರಾ ಇಳಿಸಿದಾಗ ತಿಳಿಯಿತು. ಏಣೆದ್ದ ಮೇಲಿನ ಮೈ ಬೂದುಬಿಳಿ, ಕೆಳಗಿನ ಮೈ ಹಸಿರು. ಜೀವಮಾನದಲ್ಲಿ ಒಮ್ಮೆಯೂ ಕಾಯಿಲ್ ತಪ್ಪಿ ಹೂಡದ ಮಾಮಾ, ಸ್ವಂತ ಅಕ್ಕನ ಮನೆಗೇ ತಿರುವುಮುರುವು ಹೂಡಿದ್ದರು.

"ಯಾಕ್ರಿ ಮಾಮಾ, ಇಲ್ಲೂ ಎಮ್ಮಿ ಕಟ್ಟಾವ್ರೇನ್ರಿ?" ಅಂದ ಆಪರೇಟರ್. ಎಷ್ಟು ದಿನ ಕಾಪಾಡಿಕೊಂಡು ಬಂದ ಮಾತೋ ಏನೋ.

"ಹೌದಪಾ, ತಪ್ಪಾತು. ವಯಸ್ಸಾತು" ಅಂದರು ಮಾಮಾ.

"ಬಿಸಲಿಗಿ ಅಸ್ತರ ಭಾಳ ದಿನ ತಡ್ಯಾಂಗಿಲ್ರಿ."

"ಹೋದ್ರ ಹೋಗ್ಲಿ. ಮತ್ತ ಹಾಕೂಣು. ನೀ ಏಣಿನ ಮ್ಯಾಲ ಹೊಡಿ."

ಓಣಿಯವರೆಲ್ಲ ಬಂದು ನೋಡಿದರು. ದಾರಿಯಿಂದ ನೋಡಿದರೆ ನಮ್ಮ ಮನೆ ಬಣ್ಣ ಹಚ್ಚುವುದನ್ನು ಮರೆತ ಹಾಗೆ ಕಾಣುತ್ತಿತ್ತು. ಪತ್ರಾ ಮಾಡುವ ತಮ್ಮ ಇದ್ದೂ ಈ ಗತಿಯೇ ಎಂದು ಒಬ್ಬರು ಹೆಂಗಸು ಲೊಚಗುಟ್ಟಿದರು. ಮಾಮಾ ಎಲ್ಲರಿಗೂ ಅದನ್ನೇ ಹೇಳಿದರು: "ತಪ್ಪಾತ್ರಿ."

ಸಂಜೆಗೆ ಕೆಲಸ ಮುಗಿಯಿತು. ನಾಲ್ಕು ಮಂದಿ ಸೇರಿ ಅವ್ವನನ್ನು ಹಲಗೆಯ ಸಮೇತ ಎತ್ತಿ ಪಡಸಾಲೆಗೆ ತಂದರು. ಅವಳು ಅಭ್ಯಾಸದಂತೆ ಸೆರಗು ಎಳೆದುಕೊಂಡು ಕಣ್ಣು ಮುಚ್ಚಿಕೊಂಡಿದ್ದಳು.

"ಅಕ್ಕಾ, ಕಣ್ಣ ತೆರಿ. ಇಲ್ಲಿ ಮಣ್ಣ ಬೀಳೂದಿಲ್ಲ" ಅಂದರು ಮಾಮಾ.

ಅವ್ವ ಸೆರಗು ಸರಿಸಿದಳು. ನಾನೂ ಮೇಲೆ ನೋಡಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಹಸಿರು. ಆ ಹಸಿರಿನ ತುಂಬ ಸಾಲು, ಸಾಲಿನ ಪಕ್ಕ ಸಾಲು, ಒಂದೂ ಅಲುಗದೆ ಬಾಗಿಲಿನ ಬೆಳಕಿನ ಕಡೆ ಓಡುತ್ತಿದ್ದವು. ಮೊಣಕಾಲೆತ್ತರ ಬಂದ ಜೋಳದ ಹೊಲ ಬದುವಿನ ಮೇಲೆ ನಿಂತವರಿಗೆ ಹೇಗೆ ಕಾಣುತ್ತದೋ ಹಾಗೆ. ನಮ್ಮ ಕಡೆ ಹಸಿರು ಪತ್ರಾ ಕೇಳುವವರು ಕಡಿಮೆ. ಆ ಹಸಿರು ಕಾಯಿಲ್ ಬರಲೆಂದೇ ಅಷ್ಟು ದಿನ ಕಾದಿದ್ದರು ಎಂದು ಆಗ ಹೊಳೆಯಿತು. ಕಾಯಿಲ್ ತಿರುವಿ ಹೂಡಿದ್ದೂ ತಪ್ಪಿ ಅಲ್ಲ.

ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಕಣ್ಣು ಮುಚ್ಚಿದಳು.

"ತಮ್ಮಾ, ಆ ಗ್ವಾಡಿ ಕಡಿ ಸಾಲ ಸೊಟ್ಟ ಬಂದೈತಿ."

"ಸಾಲ ನೆಟ್ಟಗ ಐತಿ ಅಕ್ಕಾ. ಗ್ವಾಡಿ ಸೊಟ್ಟ ಐತಿ."

"ಗ್ವಾಡಿ ನಮ್ಮ ಮಾವ ಕಟ್ಟ್ಯಾರ. ಸೊಟ್ಟ ಅನಬ್ಯಾಡ."

"ಆತು, ಸಾಲ ಸೊಟ್ಟ ಐತಿ."

ಅವ್ವ ನಕ್ಕಳು. ನಕ್ಕು, ಮತ್ತೆ ಸಾಲುಗಳ ಮೇಲೆ ಕಣ್ಣಾಡಿಸುತ್ತಾ ನನ್ನನ್ನು ಕೇಳಿದಳು, "ನಮ್ಮ ಹೊಲ ಹೆಂಗೈತಿ?"

ಏಣಿಯ ಮೇಲಿದ್ದ ಆಪರೇಟರ್, ಬಾಗಿಲಲ್ಲಿ ನಿಂತ ಓಣಿಯವರು, ಎಲ್ಲರೂ ತಲೆಯೆತ್ತಿ ಆ ಸೂರನ್ನೇ ನೋಡುತ್ತಿದ್ದರು. ನಾನು ಮಾಮಾನ ಕಡೆ ತಿರುಗಿದೆ. ಅಷ್ಟು ಮಂದಿಯಲ್ಲಿ ಅವರೊಬ್ಬರು ಮಾತ್ರ ಸೂರು ನೋಡುತ್ತಿರಲಿಲ್ಲ. ಅಕ್ಕನ ಮುಖ ನೋಡುತ್ತಾ ನಿಂತಿದ್ದರು.