ಹದಿನೈದು ಅಕ್ಷರದಲ್ಲಿ ಹಿಡಿಸದ ಡೈರೆಕ್ಟರು

ನೆಟ್‌ವರ್ಕ್ ಕೆಲಸದಲ್ಲಿ ಮಾನ ಹೋಗೋದಕ್ಕೆ ದೊಡ್ಡ ತಪ್ಪೇನೂ ಬೇಕಾಗಿಲ್ಲ. ನಾವು ಬರೆದ ಪ್ರೋಗ್ರಾಂ ಒಂದು ಅಳತೆ ಹಿಡಿದು, ಕಂಪ್ಯೂಟರಿನ ಒಳಗೆ ಕೂತ ಕರ್ನಲ್ ಇನ್ನೊಂದು ಹಿಡಿದರೆ ಸಾಕು. ನೈರೋಬಿಗೆ ಬಂದ ಮೇಲೆ ನನಗಿದು ಮಾಮೂಲಾಗಿದೆ.

೧. ನಾಮಕರಣ

ಊರಲ್ಲಿ ತಂಗಿ ಮದುವೆಗೆ ಹತ್ತೇ ದಿನ. ರಜೆ ಕೇಳಿದರೆ ನಮ್ಮ ಡೈರೆಕ್ಟರು, ಬೆಂಗಳೂರಿನವರೇ, "ನೀನಿಲ್ಲದೆ ನೆಟ್‌ವರ್ಕ್ ಉಳಿಯಲ್ಲಪ್ಪಾ, ಗಿರಾಕಿಗಳ ಡೆಮೊ ಮುಗೀಲಿ ನೋಡೋಣ" ಅಂದುಬಿಟ್ಟರು. ಜೊತೆಗೊಂದು ಆರ್ಡರ್: ಪ್ರತಿ ಸಂಪರ್ಕದ ಹೆಸರಲ್ಲೂ ಏರಿಯಾ, ಹುದ್ದೆ, ಉದ್ದೇಶ ಮೂರೂ ಇರಬೇಕಂತೆ! ನಮ್ಮ ಪ್ರೋಗ್ರಾಂ ಅರವತ್ತು ಇಂಗ್ಲಿಷ್ ಅಕ್ಷರ ತಗೊಳ್ಳುತ್ತೆ. ಕರ್ನಲ್ ಹದಿನೈದರ ಮೇಲೆ ಒಂದನ್ನೂ ಒಳಗೆ ಬಿಡಲ್ಲ. ಮಿಕ್ಕಿದ್ದನ್ನು ಪ್ರೋಗ್ರಾಂ ಸದ್ದಿಲ್ಲದೆ ಕತ್ತರಿಸಿ ಕಳಿಸುತ್ತೆ.

"ಸರ್, ಹೆಸರು ಚಿಕ್ಕದು ಮಾಡೋಣ" ಅಂದೆ.

"ಯಾವುದು ತೆಗೀತೀಯಪ್ಪಾ? ನನ್ನ ಹುದ್ದೆನಾ?"

ರಜೆ ಅರ್ಜಿ ಅವರ ಮೇಜಿನ ಮೇಲಿತ್ತು. ಅವರು ಹೇಳಿದ ಹಾಗೇ ಹೆಸರಿಟ್ಟೆ.

೨. ಮೀಟಿಂಗ್

ಕಸರಾನಿ ಬಡಾವಣೆಯಿಂದ ಮಟಾಟು ವ್ಯಾನ್ ಹಿಡಿದು ಬರುವ ನನ್ನ ಸಹೋದ್ಯೋಗಿ ಇಲ್ಲಿಯವಳೇ. ಆಫೀಸಿನಲ್ಲಿ ತಲೆ ಇರೋದು ಅವಳೊಬ್ಬಳಿಗೇ. "ನಮ್ಮ ಮಿತಿಯನ್ನೂ ಹದಿನೈದಕ್ಕೆ ಇಳಿಸೋಣ. ಉದ್ದ ಹೆಸರು ಕೊಟ್ಟರೆ ಪ್ರೋಗ್ರಾಮೇ ಬೇಡ ಅನ್ನಲಿ. ಒಂದು ಸಾಲಿನ ಕೆಲಸ" ಅಂದಳು.

ಡೈರೆಕ್ಟರು ಗರಂ ಆದರು. "ನಾವ್ಯಾಕೆ ಇಳೀಬೇಕು? ಕರ್ನಲ್‌ನವರು ಏರಿಸಲಿ. ಅವರ ಮ್ಯಾನೇಜರ್ ಯಾರು? ಕರೀರಿ ಮೀಟಿಂಗಿಗೆ!"

ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಂನ ಹೊಟ್ಟೆಯೊಳಗಿರೋ ಪ್ರೋಗ್ರಾಂ ಸರ್, ಡಿಪಾರ್ಟ್‌ಮೆಂಟ್ ಅಲ್ಲ ಅಂತ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಸಂಜೆ ಮೀಟಿಂಗಿನ ವರದಿ ಬಂತು: "ಕರ್ನಲ್ ಡಿಪಾರ್ಟ್‌ಮೆಂಟ್ — ಗೈರುಹಾಜರು."

೩. ಡೆಮೊ

ಗಿರಾಕಿಗಳು ಆಫೀಸಿಗೇ ಬಂದು ಕೂತರು. ಡೈರೆಕ್ಟರು ಹೈರಿಡ್ಜ್ ಬಡಾವಣೆಯ ಮನೆಯಿಂದ ವೀಡಿಯೊದಲ್ಲಿ. ಅವರ ಮನೆಯ ಸಂಪರ್ಕದ ಹೆಸರು "ಹೈರಿಡ್ಜ್-ಡೈರೆಕ್ಟರ್-ರೆಸಿಡೆನ್ಸ್". ಪರೀಕ್ಷೆಗೆ ಇಟ್ಟದ್ದು "ಹೈರಿಡ್ಜ್-ಡೈರೆಕ್ಟರ್-ಟೆಸ್ಟ್".

"ಈಗ ಟೆಸ್ಟ್ ಸಂಪರ್ಕ ತೆಗೆದು ತೋರಿಸಪ್ಪಾ" ಅಂದರು.

"ಸರ್, ಇಂಗ್ಲಿಷಲ್ಲಿ ಹದಿನೈದಕ್ಕೆ ಕತ್ತರಿಸಿದರೆ ಎರಡೂ 'Highridge-Direc', ಒಂದೇ ಹೆಸರು. ಕರ್ನಲ್‌ನಲ್ಲಿರೋದು ಒಂದೇ, ನಿಮ್ಮದು. ತೆಗೆದರೆ ಅದೇ ಹೋಗುತ್ತೆ."

"ಗಿರಾಕಿಗಳ ಮುಂದೆ ವಾದ ಬೇಡ, ಒತ್ತು! ನಮ್ಮ ಹೆಸರಿಡೋ ಪದ್ಧತೀಲಿ ಗೊಂದಲಕ್ಕೆ ಜಾಗಾನೇ—"

ಒತ್ತಿದೆ. ಪರದೆ ಮೇಲೆ ಡೈರೆಕ್ಟರು ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಏನೋ ಗಹನವಾಗಿ ಯೋಚಿಸ್ತಿದ್ದಾರೆ ಅಂತ ಗಿರಾಕಿಗಳು ಮರ್ಯಾದೆಯಿಂದ ಕಾದರು. ಸಹೋದ್ಯೋಗಿ ಮುಖ ತಿರುಗಿಸಿಕೊಂಡು ನಗ್ತಿದ್ದಳು. ನಾನು ಮಾತ್ರ ರಜೆಗೆ ಎಳ್ಳುನೀರು ಬಿಟ್ಟೆ ಅಂದುಕೊಂಡೆ.

ಮೊಬೈಲ್ ಹೊಡಕೊಂಡಿತು, ಡೈರೆಕ್ಟರು. "ನೀನಿದ್ರೆ ನೆಟ್‌ವರ್ಕ್ ಉಳಿಯಲ್ಲ ಕಣಯ್ಯಾ! ಇವತ್ತೇ ಊರಿಗೆ ಹೊರಡು!"

"ಆಗಲಿ ಸರ್," ಅಂದೆ. "ಸಂಪರ್ಕ ಬಂದ ತಕ್ಷಣ ನನ್ನ ರಜೆ ಅರ್ಜಿಗೆ ಇದನ್ನೇ ಒಂದು ಮೇಲ್ ಹಾಕಿಬಿಡಿ."